ಕಡಲವರೆಯ ಮೂರು ನೀರು

ಕೆರೊಲೈನಾದ ಕಡಲತೀರದಲ್ಲಿ ಮೊಮ್ಮಗಳು ಮರಳ ಮೇಲೆ ಹಬ್ಬಿದ ಬಳ್ಳಿಯ ಗುಲಾಬಿ ಹೂ ಹಿಡಿದು, "ಅಜ್ಜ, ಇದರ ಬೀನ್ಸ್ ಈಟ್ ಮಾಡಬಹುದಾ?" ಎಂದು ಕೇಳುತ್ತಿದ್ದಾಳೆ.

ನಮ್ಮೂರ ಮರಳಿನಲ್ಲೂ ಕಡಲವರೆಯೆಂಬ ಇಂಥದೇ ಕಾಡು ಬಳ್ಳಿ ಹೀಗೇ ಹೂಬಿಡುತ್ತಿತ್ತು. ಅದರ ಕಾಳನ್ನು ಮೂರು ಸಲ ಬೇಯಿಸಿ, ಮೂರು ಸಲವೂ ನೀರು ಚೆಲ್ಲಬೇಕಿತ್ತು, ಇಲ್ಲದಿದ್ದರೆ ವಿಷ. ನಾನು ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ ಅಮ್ಮ ಕಾಳಿಟ್ಟ ಒಲೆಯನ್ನು ನನಗೆ ಒಪ್ಪಿಸಿ ಮೀನು ಮಾರಲು ಹೋಗಿದ್ದಳು. ಆಟದ ಆತುರದಲ್ಲಿ ನಾನು ಚೆಲ್ಲಿದ್ದು ಒಂದೇ ನೀರು.

"ಮೂರು ನೀರೂ ಚೆಲ್ಲಿದ್ಯನಾ?" ಬಂದವಳೇ ಅಮ್ಮ ಕೇಳಿದಳು.

"ಹೂಂ."

ಮೊದಲು ಉಂಡವಳು ಪುಟ್ಟ ತಂಗಿ. ಸಂಜೆಯೊಳಗೆ ವಾಂತಿ ಮಾಡಿ ಮಾಡಿ ಅಮ್ಮನ ಮಡಿಲಲ್ಲಿ ಮುದುಡಿದಳು.

"ಕಾಳು ಬೇಯಿಸೂಕೂ ಬರದ ಕೈ ನಿಂದು," ಎಂದು ಅಜ್ಜಿ ಅಮ್ಮನನ್ನು ಬೈದಳು. ಅಮ್ಮ ನನ್ನನ್ನು ನೋಡಿದಳು. ನಾನು ಒಲೆಯ ಬೂದಿ ನೋಡಿದೆ.

ತಂಗಿ ಬದುಕಿಕೊಂಡಳು. ಅಮ್ಮ ಮತ್ತೆಂದೂ ನನಗೆ ಒಲೆ ಒಪ್ಪಿಸಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ.