ಯಾವ ‘ಪರವಾಗಿಲ್ಲ’?

ಇವತ್ತು ಯಾರಾದರೂ ನಿಮ್ಮನ್ನು “ಹೇಗಿದ್ದೀರಿ?” ಅಂತ ಕೇಳಿರುತ್ತಾರೆ... ನೀವು “ಪರವಾಗಿಲ್ಲ” ಅಂದಿರುತ್ತೀರಿ.

ಹಾಗಾದರೆ ಈ ಕಥೆ ನಿಮಗೇ... ಚಹಾ ಆರಿದರೂ ಸರಿ, ಪೂರ್ತಿ ಓದಿ.

ಸಿಂಚನಾ ತುಮಕೂರಿನ ಕಾಲೇಜೊಂದರಲ್ಲಿ ಎಂಬಿಎ ಓದುವ ಹುಡುಗಿ. ಪ್ರಾಜೆಕ್ಟಿಗೆ ಅವಳಿಗೆ ಸಿಕ್ಕಿದ್ದು ತಿಪಟೂರಿನ ಹತ್ತಿರದ ಒಂದು ಗಾರ್ಮೆಂಟ್ಸ್. ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಕಡೆ.

ಅಲ್ಲಿ ಒಬ್ಬೊಬ್ಬರೇ ಹೆಂಗಸರು ಕೆಲಸ ಬಿಡುತ್ತಿದ್ದರು... ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

ಮಾಲೀಕರಾದ ವಿಶಾಲಾಕ್ಷಮ್ಮ ಬೇಸತ್ತು ಹೋಗಿದ್ದರು. “ಕಾರಣ ಹುಡುಕಿಕೊಡಮ್ಮ. ಸಿಗಲಿಲ್ಲ ಅಂದ್ರೆ ಯೂನಿಟ್ ಮುಚ್ಚಿ ಕೆಲಸ ಕಾಂಟ್ರಾಕ್ಟಿಗೆ ಕೊಟ್ಟುಬಿಡ್ತೀನಿ” ಅಂದರು.

ಗೈಡ್ ಫಿಲೋಮಿನಾ ಮೇಡಂ, “ಅಂಕಿ-ಅಂಶ ಬೇಡ. ಕ್ವಾಲಿಟೇಟಿವ್ ರಿಸರ್ಚ್ ಮಾಡು. ಜನರ ಜೊತೆ ಕೂತು ಮಾತಾಡು” ಅಂತ ಕಳಿಸಿದರು.

ಕ್ಲಾಸಿನವರು ಬಿಡುತ್ತಾರಾ? “ಹರಟೆ ಹೊಡೆಯೋಕೂ ಎಂಬಿಎ ಬೇಕೇನೇ?” ಅಂತ ಕಾಲೆಳೆದರು.

ಸಿಂಚನಾ ಹಟಕ್ಕೆ ಬಿದ್ದು ಎಲ್ಲ ಹೆಂಗಸರನ್ನೂ ಮಾತಾಡಿಸಿದಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

“ಇಲ್ಲಿ ಕೆಲಸ ಹೇಗಿದೆ?” ಅಂದರೆ ಎಲ್ಲರದ್ದೂ ಒಂದೇ ಉತ್ತರ... “ಪರವಾಗಿಲ್ಲ ಕಣವ್ವ.”

ಅವಳು ಖುಷಿಯಿಂದ ಬರೆದಳು: ‘ಕಾರ್ಮಿಕರು ತೃಪ್ತರಾಗಿದ್ದಾರೆ.’

ಫಿಲೋಮಿನಾ ಮೇಡಂ ರೆಕಾರ್ಡಿಂಗ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು...

“ಬಸ್ಸಲ್ಲಿ ಯಾರೋ ನಿನ್ನ ಕಾಲು ತುಳಿದು ಸಾರಿ ಅಂದ್ರೆ, ಏನಂತೀಯ?”

“ಪರವಾಗಿಲ್ಲ ಅಂತೀನಿ ಮೇಡಂ.”

“ನೋವಾಗಿರುತ್ತೋ, ಇಲ್ವೋ?”

ಸಿಂಚನಾ ತಾನು ಬರೆದ ಸಾಲನ್ನು ಮತ್ತೆ ಓದಿದಳು...

ಈ ರಿಪೋರ್ಟ್ ಕೊಟ್ಟಿದ್ದರೆ? ‘ಎಲ್ಲ ಚೆನ್ನಾಗಿದ್ದರೂ ಬಿಟ್ಟು ಹೋಗ್ತಾರೆ’ ಅಂತ ಯೂನಿಟ್ ಮುಚ್ಚುತ್ತಿದ್ದರು. ಅಷ್ಟೂ ಹೆಂಗಸರ ಅನ್ನಕ್ಕೆ ಅವಳೇ ಕಲ್ಲು ಹಾಕಿದಂತಾಗುತ್ತಿತ್ತು.

ಮರುದಿನವೇ ಮತ್ತೆ ಹೋದಳು. ಊಟದ ಹೊತ್ತು.

ಕ್ಯಾಂಟೀನಿನಲ್ಲಿ ಹೊಸ ಸ್ಟೀಲ್ ಟೇಬಲ್‌ಗಳು. ಸಿದ್ದಗಂಗಮ್ಮ ಅನ್ನೋ ಹಿರಿಯ ಹೆಂಗಸು ಗೋಡೆಗೆ ಮುಖ ಮಾಡಿ ಒಬ್ಬರೇ ಮುದ್ದೆ ಉಣ್ಣುತ್ತಿದ್ದರು. ಸಿಂಚನಾ ಪಕ್ಕದಲ್ಲಿ ಕೂತಳು.

“ಅವ್ವ, ಅವತ್ತು ಪರವಾಗಿಲ್ಲ ಅಂದ್ರಲ್ಲ... ಯಾವ ಪರವಾಗಿಲ್ಲ ಅದು? ಚೆನ್ನಾಗಿದೆ ಅನ್ನೋದಾ, ಬಸ್ಸಲ್ಲಿ ಕಾಲು ತುಳಿದವರಿಗೆ ಅನ್ನೋದಾ?”

ಸಿದ್ದಗಂಗಮ್ಮ ನಕ್ಕರು. ನಕ್ಕು ನಕ್ಕು ನೆತ್ತಿಗೆ ಹತ್ತಿತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು... ನಗು ಮುಗಿದರೂ ಒರೆಸುತ್ತಲೇ ಇದ್ದರು.

“ಕಾಲು ತುಳಿದದ್ದೇ ಕಣವ್ವ...

ಮೊದ್ಲು ಎಲ್ರೂ ಒಟ್ಗೇ ನೆಲದ್ ಮೇಲೆ ಕೂತು ಉಣ್ತಿದ್ವಿ. ಒಬ್ರು ಡಬ್ಬೀಗೆ ಇನ್ನೊಬ್ರು ಕೈ. ನನ್ ಮಗ್ಳು ಹೆರಿಗೇಲಿ ತೀರ್ಕೊಂಡಾಗ ನಾನು ಮನೇಲಿ ಅಳ್ಲಿಲ್ಲ, ಇಲ್ಲಿ ಅತ್ತೆ. ಇವ್ರೆಲ್ಲ ನನ್ನ ಹಿಡ್ಕೊಂಡು ಕೂತಿದ್ರು.

ಈಗ ಮಿಷಿನ್ ನಿಲ್ಬಾರ್ದು ಅಂತ ಲೈನಿಗೊಂದು ಊಟದ್ ಹೊತ್ತು ಮಾಡವ್ರೆ. ನನ್ ಜೊತೆಯವ್ರೆಲ್ಲ ಬೇರೆ ಲೈನು, ಅವ್ರು ಬರೋ ಹೊತ್ಗೆ ನಾನು ಎದ್ದೋಗ್ಬೇಕು. ಯಾರ್ಗೆ ಹೇಳ್ಕಳ್ಲಿ... ಈ ಗೋಡೆಗಾ?”

 ಸಿಂಚನಾಗೆ ಮೈ ಜುಮ್ ಅಂತು... ಕಾರಣ ಸಿಕ್ಕಿತು! ಯಾವ ಸರ್ವೆ ಫಾರಂನಲ್ಲೂ ‘ಊಟ ಯಾರ ಜೊತೆ?’ ಅನ್ನೋ ಪ್ರಶ್ನೆ ಇರೋದಿಲ್ಲ!

ಒಬ್ಬೊಬ್ಬರನ್ನೂ ಮತ್ತೆ ಕೇಳಿದಳು. ಬೇರೆ ಬೇರೆ ಮಾತು, ಒಂದೇ ಸಂಕಟ. ಕೆಲಸ ಬಿಟ್ಟವರ ಮನೆಗೂ ಹೋದಳು... ಅಲ್ಲೂ ಅದೇ.

ರಿಪೋರ್ಟ್ ಹೇಳುವ ದಿನ ಬಂತು. ಗಾರ್ಮೆಂಟ್ಸಿನ ಹಾಲ್ ತುಂಬ ಹೆಂಗಸರು. ಸಿಂಚನಾ ಯಾರ ಹೆಸರೂ ಎತ್ತದೆ ಎರಡು ‘ಪರವಾಗಿಲ್ಲ’ಗಳ ಕಥೆ ಬಿಡಿಸಿ ಹೇಳಿದಳು.

ವಿಶಾಲಾಕ್ಷಮ್ಮನವರ ಮುಖ ಕೆಂಪಾಯಿತು. “ಊಟಕ್ಕೋಸ್ಕರ ಯಾರಾದ್ರೂ ಕೆಲಸ ಬಿಡ್ತಾರಾ? ಟೇಬಲ್ ಹಾಕಿಸಿಕೊಟ್ಟಿದ್ದೀನಿ, ಫ್ಯಾನ್ ಹಾಕಿಸಿಕೊಟ್ಟಿದ್ದೀನಿ. ಇನ್ನೇನು ಮಾಡ್ಬೇಕಿತ್ತು ನಾನು?”



ಸಿಂಚನಾ ಮೆಲ್ಲಗೆ ಅಂದಳು, “ಮೇಡಂ, ಎಲ್ಲರನ್ನೂ ಕೇಳಿದೆ, ನಿಮ್ಮನ್ನೇ ಕೇಳೋದು ಮರೆತೆ. ನಿಮಗೆ ಇಲ್ಲಿ ಹೇಗಿದೆ?”

“ನನಗೇನು...” ವಿಶಾಲಾಕ್ಷಮ್ಮ ಕಣ್ಣು ತಪ್ಪಿಸಿದರು. “ಪರವಾಗಿಲ್ಲ.”

ಹಿಂದಿನ ಸಾಲಿನಿಂದ ಸಿದ್ದಗಂಗಮ್ಮನ ದನಿ ಬಂತು...

“ಯಾವ ಪರವಾಗಿಲ್ಲ, ವಿಶಾಲಕ್ಕ?”

ವಿಶಾಲಕ್ಕ... ಆ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೋ! ಒಂದು ಕಾಲಕ್ಕೆ ಅವರೂ ಇದೇ ಹೆಂಗಸರ ಜೊತೆ ಮಿಷಿನ್ ತುಳಿದವರು, ಇದೇ ನೆಲದ ಮೇಲೆ ಉಂಡವರು. ಎಸಿ ಕ್ಯಾಬಿನ್ ಬಂದ ಮೇಲೆ ಎಲ್ಲರ ಬಾಯಲ್ಲೂ ‘ಮೇಡಂ’ ಆಗಿದ್ದರು.

ವಿಶಾಲಾಕ್ಷಮ್ಮ ಎಲ್ಲರೆದುರಿಗೇ ಬಿಕ್ಕಿಬಿಟ್ಟರು.

“ಕಾಲು ತುಳಿದದ್ದೇ ಕಣ್ರೇ ಗಂಗಕ್ಕ... ಆ ಕ್ಯಾಬಿನ್‌ನಲ್ಲಿ ನಾನೂ ಗೋಡೆ ನೋಡ್ಕೊಂಡೇ ಉಣ್ತೀನಿ.”

ಹಾಲ್‌ನಲ್ಲಿ ಅಳು, ನಗು ಎರಡೂ ಒಟ್ಟಿಗೇ ಎದ್ದವು.

ಮರುದಿನ ಊಟಕ್ಕೆ ಎಲ್ಲ ಲೈನಿಗೂ ಒಂದೇ ಬೆಲ್. ಟೇಬಲ್‌ಗಳು ಸ್ಟೋರ್ ರೂಮ್ ಸೇರಿದವು, ನೆಲಕ್ಕೆ ಚಾಪೆ ಬಂತು. ವಿಶಾಲಕ್ಕ ಡಬ್ಬಿ ಹಿಡಿದು ಬಂದು ಸಂಕೋಚದಿಂದ ನಿಂತರು.

ಸಿದ್ದಗಂಗಮ್ಮ ಕೈ ಹಿಡಿದು ಎಳೆದು ಕೂರಿಸಿದರು. ಕೇಳದೇ ಆ ಡಬ್ಬಿಗೆ ಕೈ ಹಾಕಿ ಹುಚ್ಚೆಳ್ಳು ಚಟ್ನಿ ತೆಗೆದುಕೊಂಡು, “ಉಪ್ಪು ಕಮ್ಮಿ” ಅಂದರು.

ಯೂನಿಟ್ ಮುಚ್ಚುವ ಮಾತು ಮತ್ತೆ ಬರಲಿಲ್ಲ. ಬಿಟ್ಟು ಹೋದವರೇ ಡಬ್ಬಿ ಕಟ್ಟಿಕೊಂಡು ವಾಪಸ್ ಬಂದರು.

ಹರಟೆ ಅಂತ ನಕ್ಕ ಕ್ಲಾಸಿನವರೇ ಈಗ ಸಿಂಚನಾ ಹತ್ತಿರ ಬಂದು, ಇಂಟರ್‌ವ್ಯೂ ಮಾಡೋದು ಹೇಗೆ ಅಂತ ಕೇಳುತ್ತಿದ್ದಾರೆ!

*ಪರವಾಗಿಲ್ಲ ಅಂದವರನ್ನು ಇನ್ನೊಂದು ಸಲ ಕೇಳಬೇಕು... ಪಕ್ಕದಲ್ಲಿ ಕೂತು ಕೇಳಬೇಕು.*

ನಿಮ್ಮ ಆಫೀಸಿನಲ್ಲೋ ಮನೆಯಲ್ಲೋ ಇವತ್ತು ಯಾರು ನಿಮಗೆ ‘ಪರವಾಗಿಲ್ಲ’ ಅಂದರು? ಅದು ಯಾವ ಪರವಾಗಿಲ್ಲ ಅಂತ ಕೇಳಿದಿರಾ?