ಭಾನುವಾರಕ್ಕೆ ಮೂರು ಹೋಳು

“ಈಗ ತಿರುವಿ ಹಾಕು,” ಎಂದಳು ಅತ್ತೆ.

ಸೊಸೆ ಇಕ್ಕಳದಲ್ಲಿ ಹಿಡಿದು ಹೋಳನ್ನು ಮಗುಚಿದಳು. ಅಡಿ ಹದವಾಗಿ ಕಂದುಬಣ್ಣಕ್ಕೆ ಬಂದಿತ್ತು. ಅತ್ತೆ ಒಲೆಯತ್ತ ನೋಡಿರಲಿಲ್ಲ. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣನ್ನು ತಿಂದು ಆರು ವರ್ಷವಾಗಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಾಣಲೆಯ ಸದ್ದನ್ನಷ್ಟೇ ಕೇಳುತ್ತಿದ್ದಳು. ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದವಳು.

“ಕಣ್ಣಿಗೆ ರಜಾ ಸಿಕ್ತು, ಕಿವಿಗೆ ಡಬಲ್ ಡ್ಯೂಟಿ,” ಎಂದು ತಾನೇ ನಕ್ಕಳು. “ಮೂರು ಹೋಳು ತಾನೇ?”

“ಮೂರೇ, ಅತ್ತೆ.”

ದನದ ಮಾಂಸದ ದಪ್ಪ ಸ್ಟೇಕು, ಮೇಲೆ ಅದೇ ಬಾಣಲೆಯಲ್ಲಿ ಮಾಡಿದ ಖಾರದ ಸಾಸು. ಈ ಮನೆಯ ಮಗನಿಗೆ ಚಿಕ್ಕಂದಿನಿಂದಲೂ ಅದೆಂದರೆ ಪ್ರಾಣ. ಮೂರು ತಿಂಗಳ ಹಿಂದೆ ವರ್ಕ್‌ಶಾಪಿನಲ್ಲಿ ಸಿಲಿಂಡರ್ ಸಿಡಿದು ಅವನ ಕುತ್ತಿಗೆ ಸೀಳಿತ್ತು. ದೂರದ ದೊಡ್ಡಾಸ್ಪತ್ರೆಯಿಂದ ಒಬ್ಬಳೇ ಮರಳಿದ ಸೊಸೆ, ಅತ್ತೆಯ ಕೈ ಹಿಡಿದು ಹೇಳಿದ್ದಳು: ಜೀವಕ್ಕೇನೂ ಅಪಾಯವಿಲ್ಲ, ಮಾತು ಮಾತ್ರ ಹೋಗಿದೆ. ಚಿಕಿತ್ಸೆಗೆ ಅಲ್ಲೇ ಇರಬೇಕು. ಭಾನುವಾರ ಮಾತ್ರ ಬರುತ್ತಾರೆ.

ಅತ್ತೆಯ ಹೃದಯ ಮೊದಲೇ ದುರ್ಬಲ. ಆದರೂ ಅವಳು ಅಳಲಿಲ್ಲ. “ಬರ್ತಾನಲ್ಲ, ಅಷ್ಟು ಸಾಕು,” ಎಂದಿದ್ದಳು.

ಸೊಸೆ ಮಾಂಸವನ್ನು ತೆಗೆದು ಮುಚ್ಚಿಟ್ಟಳು. ಬಾಣಲೆಗೆ ಬೆಣ್ಣೆ, ಬೆಳ್ಳುಳ್ಳಿ, ಕುಟ್ಟಿದ ಕರಿಮೆಣಸು, ಒಣಮೆಣಸಿನಕಾಯಿ ಬಿದ್ದವು. ಘಾಟು ಮೂಗಿಗೆ ಹತ್ತಿತು. ವಿನೆಗರ್ ಸುರಿದು, ತಳ ಹಿಡಿದದ್ದನ್ನೆಲ್ಲ ಕೆರೆದಳು.

“ಇನ್ನೊಂದು ಚಮಚ ಖಾರ ಹಾಕು.”

“ಗಂಟಲು, ಅತ್ತೆ... ಇನ್ನೂ ಮಾಗಿಲ್ಲ.”

“ಹಾಕು. ಅವನಿಗೆ ಏನೂ ಆಗಲ್ಲ.”

ಬಾಗಿಲು ತಟ್ಟಿದ ಸದ್ದಾಯಿತು. “ಬಂದ್ರು,” ಎಂದು ಸೊಸೆ ಕೈ ಒರೆಸಿಕೊಳ್ಳುತ್ತ ಓಡಿದಳು. ಅವನು ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತಿದ್ದ. ಮೈಮೇಲೆ ವರ್ಕ್‌ಶಾಪಿನ ಹಳೆಯ ಅಂಗಿ, ಅದರ ತುಂಬ ಕಿಡಿ ಹಾರಿ ಆದ ಸಣ್ಣ ತೂತುಗಳು, ಸುಟ್ಟ ಕಬ್ಬಿಣದ ವಾಸನೆ.

“ಸ್ವಂತ ಮನೆಗೆ ಯಾರಾದ್ರೂ ಬಾಗಿಲು ತಟ್ತಾರೇನೋ?” ಅತ್ತೆ ಒಳಗಿಂದಲೇ ಕೂಗಿದಳು.

ಅವನು ಹತ್ತಿರ ಬಂದ. ಅವಳು ಅವನ ಕೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಸವರಿದಳು. ಸೊಸೆ ಆ ಬೆರಳುಗಳನ್ನೇ ನೋಡುತ್ತಿದ್ದಳು.

“ಇಳಿದುಹೋಗಿದ್ದೀಯ,” ಎಂದು ಅತ್ತೆ ಕೈ ಬಿಟ್ಟಳು. “ಬಾ, ಆರಿಹೋಗತ್ತೆ.”

ಮೂವರೂ ಮೇಜಿಗೆ ಕೂತರು. ಮೇಜಿನ ಮೇಲೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. ಅದು ಸೊಸೆ ಮಾಡಿದ ಏರ್ಪಾಡು.

“ಮೆತ್ತಗಿದೆಯಾ?”

ಒಂದು ಸಲ.

“ಖಾರ ಸಾಲತ್ತಾ? ಮೊದಲೆಲ್ಲ ಸಾಲಲ್ಲ ಅಂತ ಜಗಳಕ್ಕೆ ಬರ್ತಿದ್ದೆ.”

ಅವನ ಹಣೆ ಬೆವರಿತ್ತು, ಕಣ್ಣಲ್ಲಿ ನೀರು. ಒತ್ತರಿಸಿ ಬಂದ ಕೆಮ್ಮನ್ನು ಕರವಸ್ತ್ರದಲ್ಲಿ ಅದುಮಿ, ಒಂದು ಸಲ ಕುಟ್ಟಿದ. ಅತ್ತೆ ನೀರಿನ ಲೋಟವನ್ನು ತಡವಿ ಅವನತ್ತ ಸರಿಸಿದಳು.

ಸೊಸೆಯ ಚಾಕು ತಟ್ಟೆಯ ಮೇಲೆ ಓಡಾಡತೊಡಗಿತು. ಅತ್ತೆ ತನ್ನದನ್ನು ಮುಟ್ಟದೆ, ಆ ಸದ್ದು ನಿಲ್ಲುವವರೆಗೂ ಹಾಗೇ ಕಿವಿಗೊಟ್ಟು ಕೂತಿದ್ದಳು.

ಮೂರು ಗಂಟೆಗೆ ಅವನು ಹೊರಟು ನಿಂತ. ಸೊಸೆ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದಳು.

“ಮೆಟ್ಟಿಲ ತನಕ ನಾನೇ ಬಿಟ್ಟು ಬರ್ತೀನಿ,” ಎಂದು ಅತ್ತೆ ಅವನ ತೋಳು ಹಿಡಿದಳು.

ಹೊರಗೆ ಚುರುಗುಟ್ಟುವ ಬಿಸಿಲು. ಅವಳು ಹಿಂದಿನಿಂದ ಬಾಗಿಲನ್ನು ಎಳೆದುಕೊಂಡಳು. ಒಳಗೆ ನೀರು ಬೀಳುತ್ತಲೇ ಇದೆಯೇ ಎಂದು ಒಂದು ಕ್ಷಣ ಆಲಿಸಿದಳು. ಆಮೇಲೆ ದನಿ ತಗ್ಗಿಸಿದಳು.

“ನನ್ನ ಮಗ ಇನ್ನಿಲ್ಲ ಅಂತ, ಅವಳು ಆಸ್ಪತ್ರೆಯಿಂದ ಬಂದು ನನ್ನ ಕೈ ಹಿಡಿದಾಗಲೇ ಗೊತ್ತಾಯ್ತಪ್ಪ, ನೀನು ಯಾರ ಮಗನೋ, ಪುಣ್ಯಾತ್ಮ, ಅವಳಿಗೆ ಮಾತ್ರ ಹೇಳ್ಬೇಡ, ಮುಂದಿನ ಭಾನುವಾರಾನೂ ಬಾ — ವಾರಕ್ಕೆ ಒಂದು ಸಲ, ನೀನು ಬಂದಾಗಷ್ಟೇ ಆ ಹುಡುಗಿ ಹೊಟ್ಟೆ ತುಂಬ ಉಣ್ಣೋದು.”