ಚಾಚಿದ ಅಂಗೈ

ಹೊಸ ಭೂಮಿಗೆ ಹೊರಟ ಆಕಾಶನೌಕೆಯಲ್ಲಿ ದಿನವೂ ಬೆಳಗ್ಗೆ ಎಲ್ಲರೂ ಮಾತು ಕಲಿತ ನಾಯಿಯ ಮುಂದೆ ಅಂಗೈ ಚಾಚಬೇಕಿತ್ತು. ಅದು ಮೂಸಿ, ಸೋಂಕಿನ ವಾಸನೆ ಸಿಕ್ಕರೆ ಹೆಸರು ಹೇಳುತ್ತಿತ್ತು. ಹೆಸರು ಬಂದವರನ್ನು ಅಂದೇ ಬಾಗಿಲು ತೆರೆದು ಹೊರಗಿನ ಕತ್ತಲಿಗೆ ಬಿಡುತ್ತಿದ್ದರು. ಹೋದ ವರ್ಷ ಸುಮಿತ್ರೆಯ ಗಂಡನ ಹೆಸರು ಬಂದಿತ್ತು. ಪಾಪ, ಅವನಿಗೆ ಚಿಕ್ಕಂದಿನಿಂದಲೂ ನಾಯಿಯೆಂದರೆ ಭಯ. ಸುಮಿತ್ರೆ ಅಳಲಿಲ್ಲ, ನಾಯಿಗೆ ಅನ್ನ ಹಾಕುವ ತನ್ನ ಕೆಲಸವನ್ನೂ ಬಿಡಲಿಲ್ಲ.

ಇಂದು ನಾಯಿ ತಟ್ಟೆಯನ್ನು ಮುಟ್ಟಲಿಲ್ಲ.

“ಯಾಕೋ, ಅನ್ನ ಹಳಸಿದೆಯಾ?”

“ಗೊತ್ತಾಗಲ್ಲ ಅಕ್ಕಾ. ಮೂಗು ಸತ್ತು ಎರಡು ವರ್ಷ ಆಯ್ತು. ಹೇಳಿದ್ರೆ ನನ್ನನ್ನೂ ಹೊರಗೆ ಬಿಡ್ತಾರೆ.”

ಅವಳು ತಟ್ಟೆಯನ್ನೇ ನೋಡುತ್ತ ಕೇಳಿದಳು: “ಮತ್ತೆ ನಮ್ಮವರ ಹೆಸರು ಹೇಳಿದೆಯಲ್ಲ?”

“ಅವರ ಕೈ ನಡುಗ್ತಿತ್ತು.”